ಬಂದೂಕಿಲ್ಲದೆ ಬೀಳೋ ಸರ್ಕಾರ: ಗೋಕಾಕ, ಮೂಡಲಗಿ, ಹುಕ್ಕೇರಿ ಹೇಳೋ ಪಾಠ

1966ರ ಫೆಬ್ರವರಿ 24. ಘಾನಾದ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ವಿದೇಶ ಪ್ರವಾಸದಲ್ಲಿದ್ದಾಗ ಸೇನೆ ಮತ್ತು ಪೊಲೀಸರು ಸೇರಿ ಅವರ ಸರ್ಕಾರವನ್ನು ಕಿತ್ತೊಗೆದರು. ದೇಶಕ್ಕೆ ಸ್ವಾತಂತ್ರ್ಯ ಬಂದು ಒಂಬತ್ತು ವರ್ಷವೂ ತುಂಬಿರಲಿಲ್ಲ. ಪಕ್ಕದ ಟೋಗೊದಲ್ಲಿ 1963ರಲ್ಲೇ ಸಿಲ್ವಾನಸ್ ಒಲಿಂಪಿಯೊ ಅವರನ್ನು ಕೊಂದು ಅಧಿಕಾರ ಕಸಿಯಲಾಗಿತ್ತು. ನಮ್ಮಲ್ಲಿ ಹಾಗಾಗಲಿಲ್ಲ ಅಂತ ಹೆಮ್ಮೆಪಡ್ತೀವಿ. ಪಡಲೇಬೇಕು. ಆದರೆ ಜನಾದೇಶ ತಿರುಚೋಕೆ ಸೈನ್ಯವೇ ಬೇಕಾ?

ಬೆಳಗಾವಿ ಜಿಲ್ಲೆಯ ಮೂರು ತಾಲೂಕುಗಳನ್ನೇ ನೋಡಿ. 2008ರಲ್ಲಿ ಬಿಜೆಪಿಗೆ 110 ಸ್ಥಾನ, ಬಹುಮತಕ್ಕೆ ಮೂರು ಕಮ್ಮಿ. ಜೆಡಿಎಸ್‌ನಿಂದ ಗೆದ್ದಿದ್ದ ಹುಕ್ಕೇರಿಯ ಉಮೇಶ ಕತ್ತಿ, ಮೂಡಲಗಿ ಭಾಗದ ಅರಭಾವಿಯ ಬಾಲಚಂದ್ರ ಜಾರಕಿಹೊಳಿ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. ಡಿಸೆಂಬರ್‌ ಉಪಚುನಾವಣೆಯಲ್ಲಿ ಮತ್ತೆ ಗೆದ್ದರು. 2010ರ ಅಕ್ಟೋಬರ್‌ನಲ್ಲಿ ಬಾಲಚಂದ್ರ ಅದೇ ಸರ್ಕಾರದ ವಿರುದ್ಧ ಬಂಡೆದ್ದರು. ಅವರೂ ಸೇರಿ 16 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು, ಮರುವರ್ಷ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು.

2019ರಲ್ಲಿ ಗೋಕಾಕದ ಸರದಿ. ಕಾಂಗ್ರೆಸ್ ಶಾಸಕ ರಮೇಶ ಜಾರಕಿಹೊಳಿ ಬಂಡಾಯದ ಮುಂಚೂಣಿಯಲ್ಲಿದ್ದರು. ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99-105ರಿಂದ ಬಿತ್ತು. ಒಂದು ಸಲ ಸರ್ಕಾರ ಕಟ್ಟೋದು, ಒಂದು ಸಲ ಅಲ್ಲಾಡಿಸೋದು, ಒಂದು ಸಲ ಉರುಳಿಸೋದು. ಮೂರಕ್ಕೂ ಇದೇ ನೆಲದ ಕೈ.

ಇದರ ಬೆಲೆ ತೆತ್ತವರು ಯಾರು? ರಮೇಶ ಅವರು ಅನರ್ಹರಾಗಿದ್ದು ಜುಲೈ 25ರಂದು. ಆಗಸ್ಟ್ ಮೊದಲ ವಾರಗಳಲ್ಲಿ ಘಟಪ್ರಭಾ ಉಕ್ಕಿ ಗೋಕಾಕ ನೀರಲ್ಲಿ ಮುಳುಗಿತು. ಮನೆ ಬಿಟ್ಟು ಓಡಿದ ಜನಕ್ಕೆ ಆಗ ಶಾಸಕರಿಲ್ಲ. ರಾಜ್ಯಕ್ಕೆ ಯಡಿಯೂರಪ್ಪ ಒಬ್ಬರನ್ನು ಬಿಟ್ಟರೆ ಮಂತ್ರಿಗಳೂ ಇಲ್ಲ, ಸಂಪುಟ ರಚನೆಯಾಗಿದ್ದು ಆಗಸ್ಟ್ 20ಕ್ಕೆ.

ಇದು ಘಾನಾ ಅಲ್ಲ, ನಿಜ. ಸದನದಲ್ಲಿ ಮತ ಎಣಿಸಿದರು, ಕೋರ್ಟ್ ತೀರ್ಪು ಕೊಟ್ಟಿತು, ಕೊನೇ ಮಾತು ಮತದಾರರದ್ದೇ ಆಯ್ತು. ಡಿಸೆಂಬರ್‌ನಲ್ಲಿ ಗೋಕಾಕ ರಮೇಶ ಅವರನ್ನೇ, ಈ ಸಲ ಬಿಜೆಪಿಯಿಂದ, ಗೆಲ್ಲಿಸಿತು. "ನಮ್ಮ ಸಾಹುಕಾರ್ರು ಆಳೋ ಪಕ್ಷದಾಗ ಇದ್ರ ಕೆಲಸ ಆಗ್ತಾವ" ಅನ್ನೋ ಲೆಕ್ಕ ದಡ್ಡತನವಲ್ಲ. ಅನುದಾನ ಪಕ್ಷ ನೋಡಿ ಬರೋ ಕಡೆ ಅದು ಬದುಕೋ ಜಾಣತನ. ತಪ್ಪು ಇರೋದು ಆ ಅನಿವಾರ್ಯತೆ ಹುಟ್ಟಿಸಿದ ವ್ಯವಸ್ಥೆಯಲ್ಲಿ.

1985ರ ಪಕ್ಷಾಂತರ ನಿಷೇಧ ಕಾನೂನಿಗೆ ರಾಜೀನಾಮೆಯೇ ಕಳ್ಳಬಾಗಿಲು. 17 ಮಂದಿಯ ಅನರ್ಹತೆ ಎತ್ತಿಹಿಡಿದ ಸುಪ್ರೀಂ ಕೋರ್ಟ್, ಉಪಚುನಾವಣೆಗೆ ನಿಲ್ಲೋಕೂ ಅವಕಾಶ ಕೊಟ್ಟಿತು. ಪಕ್ಷ ಬಿಟ್ಟವರು ಆ ವಿಧಾನಸಭೆಯ ಉಳಿದ ಅವಧಿಗೆ ಸ್ಪರ್ಧಿಸುವಂತಿಲ್ಲ ಅಂತ ಸಂಸತ್ತು ಕಾನೂನು ತರಲಿ. ಯಾವ ಪಕ್ಷ ಇದಕ್ಕೆ ಮುಂದಾಗುತ್ತೆ? ಮುಂದಿನ ಸಲ ವೋಟು ಕೇಳೋಕೆ ಬಂದವರನ್ನು ಮೊದಲು ಇದನ್ನೇ ಕೇಳಿ.