ಬೋರ್ಡು ಕನ್ನಡದಲ್ಲಿ, ನೋಟೀಸು ಇಂಗ್ಲಿಷಿನಲ್ಲಿ!

ಹಿಟ್ಟಿನ ಗಿರಣಿಯವರೊಬ್ಬರು ಮೊನ್ನೆ ನಮ್ಮ ಪ್ರೆಸ್ಸಿಗೆ ಬಂದರು. ಬಿಲ್ ಪುಸ್ತಕ ಅಚ್ಚು ಹಾಕಿಸಲು ಅಲ್ಲ, ನೋಟೀಸು ಓದಿಸಿಕೊಳ್ಳಲು. "ಸಾರ್, ಏನು ಬರೆದವ್ರೆ ನೋಡಿ" ಎಂದು ಮಡಿಸಿದ ಕಾಗದ ಚಾಚಿದರು. ಎರಡು ಪುಟ, ಪೂರಾ ಇಂಗ್ಲಿಷು. ವಾಸದ ಬಡಾವಣೆಯಲ್ಲಿ ಮೋಟಾರು ಇಟ್ಟು ಉದ್ದಿಮೆ ನಡೆಸುತ್ತಿದ್ದೀರಿ, ಏಳು ದಿನದಲ್ಲಿ ಉತ್ತರ ಕೊಡದಿದ್ದರೆ ಪರವಾನಗಿ ರದ್ದು ಎಂಬುದು ಸಾರಾಂಶ. ಪಿಯುಸಿ ಓದಿದ ನನಗೇ ಎರಡು ಸಲ ಓದಬೇಕಾಯಿತು. ಓದಿ ಹೇಳುವವರನ್ನು ಹುಡುಕುವುದರಲ್ಲೇ ಅವರ ನಾಲ್ಕು ದಿನ ಕಳೆದಿತ್ತು. ಅವರ ಅಂಗಡಿಯ ಬೋರ್ಡು ಮಾತ್ರ ನೂರಕ್ಕೆ ನೂರು ಕನ್ನಡ!

ಕನ್ನಡ ಆಡಳಿತ ಭಾಷೆ ಎಂದು ಕಾಯ್ದೆಯಾದದ್ದು 1963ರಲ್ಲಿ. ಅಂಗಡಿ ಬೋರ್ಡಿನಲ್ಲಿ ಶೇ. 60 ಭಾಗ ಕನ್ನಡವಿರಬೇಕು, ಅದೂ ಮೇಲುಗಡೆ ಇರಬೇಕು ಎಂಬ ತಿದ್ದುಪಡಿಗೆ ಸದನಗಳು ಒಪ್ಪಿದ್ದು 2024ರ ಫೆಬ್ರವರಿಯಲ್ಲಿ. ಅದೂ 2023ರ ಡಿಸೆಂಬರ್ 27ರಂದು ಕಾರ್ಯಕರ್ತರು ಬೀದಿಗಿಳಿದು ಜೈಲು ಕಂಡ ಮೇಲೆ. ಅಂಗಡಿಯವನಿಗೆ ಅಳತೆ ಸಿಕ್ಕಿತು. ಆದರೆ ಅವನಿಗೆ ಬರುವ ನೋಟೀಸಿನಲ್ಲಿ, ರಸೀತಿಯಲ್ಲಿ, ಪರವಾನಗಿಯ ಷರತ್ತುಗಳಲ್ಲಿ ಕನ್ನಡ ಎಷ್ಟಿರಬೇಕು? ಅಲ್ಲಿ ಟೇಪು ಹಿಡಿಯುವವರು ಯಾರು?

ಅಳತೆಯ ಮಾತು ಬಂದಿದ್ದರಿಂದ ಅಚ್ಚಿನವನಾಗಿ ಒಂದು ಮಾತು. ಬೋರ್ಡಿನಲ್ಲಿ ಶೇ. 60 ಜಾಗ ಕೊಟ್ಟೂ ಕನ್ನಡವನ್ನು ಕಾಣದಂತೆ ಮಾಡಬಹುದು. ತೆಳು ಅಕ್ಷರ, ಬೂದು ಬಣ್ಣ, ಸುತ್ತ ಖಾಲಿ ಜಾಗ; ಕೆಳಗೆ ಇಂಗ್ಲಿಷಿನ ದಪ್ಪ ಅಕ್ಷರಕ್ಕೆ ದೀಪ. ದೊಡ್ಡ ಮಳಿಗೆಗಳ ಮುಂದೆ ಸಂಜೆ ಹೊತ್ತು ನಿಂತು ನೋಡಿ. ಜಾಗದ ಜೊತೆ ಅಕ್ಷರದ ಎತ್ತರ, ದಪ್ಪ, ದೀಪವನ್ನೂ ನಿಯಮದಲ್ಲಿ ಬರೆಯದಿದ್ದರೆ ಇದು ಕಣ್ಣೊರೆಸುವ ಆಟ.

ಇದನ್ನೆಲ್ಲ ಬರೆಯಬೇಕಾದ ಜಾಗ ಪಾಲಿಕೆಯ ಉಪವಿಧಿ. ಕಸಕ್ಕೆ ಎಷ್ಟು, ಯಾವ ರಸ್ತೆಯಲ್ಲಿ ಯಾವ ವ್ಯಾಪಾರ, ಮನೆ ಮುಂದೆ ಎಷ್ಟು ಅಡಿ ಬಿಡಬೇಕು ಎಂದು ಜನರ ದಿನನಿತ್ಯದ ಬದುಕನ್ನು ಕಟ್ಟಿಹಾಕುವುದು ವಿಧಾನಸೌಧದ ಕಾನೂನಿಗಿಂತ ಹೆಚ್ಚಾಗಿ ಇವೇ ಚಿಕ್ಕ ನಿಯಮಗಳು. 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿಯಿತು. ಬಿಬಿಎಂಪಿ ತನ್ನ ಕೊನೆಯ ಐದು ವರ್ಷ ಚುನಾಯಿತ ಸದಸ್ಯರಿಲ್ಲದೆ, ಬರೀ ಅಧಿಕಾರಿಗಳ ಕೈಯಲ್ಲೇ ನಡೆಯಿತು. ಅಧಿಕಾರಿಗೆ ಇಂಗ್ಲಿಷಿನ ಹಳೆಯ ಫೈಲು ನಕಲು ಮಾಡುವುದು ಸುಲಭ. ಕೇಳುವ ಸದಸ್ಯನೇ ಇಲ್ಲದಿದ್ದರೆ ಅವನೇಕೆ ಕನ್ನಡದಲ್ಲಿ ತಲೆ ಕೆಡಿಸಿಕೊಂಡಾನು?

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಐದಕ್ಕೂ ನಮ್ಮದು ಒಂದೇ ಬೇಡಿಕೆ. ಉಪವಿಧಿಯ ಕರಡು ಮೊದಲು ಕನ್ನಡದಲ್ಲೇ ಹುಟ್ಟಲಿ. ಇಂಗ್ಲಿಷಿನದನ್ನು ತರ್ಜುಮೆ ಮಾಡಿ, ವಕೀಲರಿಗೂ ಅರ್ಥವಾಗದ ಕನ್ನಡ ಕೊಡುವುದು ಬೇಡ. ಆಕ್ಷೇಪಣೆ ಕರೆಯುವ ಮೊದಲೇ ಅದನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಲಿ. ಅಚ್ಚು ಹಾಕಲು ದುಡ್ಡಿಲ್ಲವೆಂದರೆ ಕಾಗದ ತರಲಿ, ಕೂಲಿ ಇಲ್ಲದೆ ನಾನೇ ಹಾಕಿಕೊಡುತ್ತೇನೆ!

ಗಿರಣಿಯವರ ಉತ್ತರವನ್ನು ನಮ್ಮ ಪ್ರೆಸ್ಸಿನಲ್ಲೇ ಕನ್ನಡದಲ್ಲಿ ಬರೆದು, ಆರನೆಯ ದಿನ ಕೊಟ್ಟು, ತಾರೀಖಿನ ಮೊಹರು ಹಾಕಿಸಿಕೊಂಡು ಬಂದೆವು. "ನೋಟೀಸನ್ನು ಕನ್ನಡದಲ್ಲಿ ಕೊಡಿ" ಎಂದು ಮೊದಲ ಸಾಲಿನಲ್ಲೇ ಕೇಳಿದ್ದೇವೆ. ಓದುಗರಲ್ಲಿ ಯಾರಿಗಾದರೂ ಇಂಥ ಕಾಗದ ಬಂದಿದ್ದರೆ ಗಡುವು ಮೀರಲು ಬಿಡಬೇಡಿ. ನಕಲು ಇಟ್ಟುಕೊಂಡು ಹತ್ತಿರದ ಕನ್ನಡ ಸಂಘದ ಶಾಖೆಗೆ ತನ್ನಿ.