ಎಷ್ಟು ಅಡಿ ಆಳ?

ಬ್ಲಾಗ್ ಕಡೆ ತಲೆ ಹಾಕದೆ ತಿಂಗಳಾಯ್ತು. ಆಫೀಸ್ ಕೆಲಸ ಜಾಸ್ತಿ ಅಂದ್ರೆ ಸುಳ್ಳಾಗುತ್ತೆ. ನಿಜವಾದ ಕಾರಣ ಮೀನು :-)

ಮಿಲ್ವಾಕಿಗೆ ಬಂದು ಎರಡು ವರ್ಷ. ಹಿರಿಯ ಸಹೋದ್ಯೋಗಿಯೊಬ್ಬರ ಹತ್ರ ಬೋಟ್ ಇದೆ. ಬೇಸಿಗೆಯ ಶನಿವಾರಗಳಲ್ಲಿ ಅವರ ಜೊತೆ ಮಿಷಿಗನ್ ಸರೋವರದಲ್ಲಿ ಸಾಲ್ಮನ್‌ಗೆ ಟ್ರೋಲಿಂಗ್. (ಇಂಟರ್ನೆಟ್ಟಿನ ಟ್ರೋಲ್ ಅಲ್ಲ ಮಾರಾಯ್ರೆ! ಬೋಟನ್ನ ನಿಧಾನಕ್ಕೆ ಓಡಿಸ್ತಾ ಹಿಂದೆ ಗಾಳ ಎಳ್ಕೊಂಡು ಹೋಗೋದು.) ಸರೋವರ ಅಂದ್ರೆ ನಮ್ಮೂರ ಕೆರೆ ಅಂದ್ಕೋಬೇಡಿ, ಆಚೆ ದಡ ಕಾಣಲ್ಲ, ಅತಿ ಆಳದ ಜಾಗ 281 ಮೀಟರ್. ಇಷ್ಟು ನೀರಲ್ಲಿ ಗಾಳ ಎಲ್ಲಿಗೆ ಇಳಿಸೋದು?

ಇಲ್ಲಿ ಬೆಳಗ್ಗೆ ಬೋಟ್ ಇಳಿಸೋ ಜಾಗದಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: 'ನಿನ್ನೆ ಎಷ್ಟು ಅಡೀಲಿ ಸಿಕ್ತು?' ನನ್ನ ತಕರಾರು ಇರೋದೇ ಈ ಪ್ರಶ್ನೆ ಮೇಲೆ.

ಮೊನ್ನೆ ಶನಿವಾರ ಯಾರೋ 80 ಅಡಿ ಅಂದ್ರು. ನಾವೂ 80 ಅಡಿಗೆ ಇಳಿಸಿ ನಾಲ್ಕು ಗಂಟೆ ಸುತ್ತಿದೆವು. ಒಂದೂ ಇಲ್ಲ. ಕೊನೆಗೆ ಬೇಸತ್ತು ತಾಪಮಾನ ತೋರಿಸೋ ಪ್ರೋಬ್ ಇಳಿಸಿ ನೋಡಿದ್ರೆ, ಚಿನೂಕ್ ಸಾಲ್ಮನ್‌ಗೆ ಹಿತವಾದ 12 ಡಿಗ್ರಿ ಸೆಲ್ಸಿಯಸ್ ನೀರು ಇದ್ದದ್ದು 45 ಅಡಿಯಲ್ಲಿ! ಎರಡು ದಿನ ನೈಋತ್ಯದ ಗಾಳಿ ಬೀಸಿತ್ತು. ಮೇಲಿನ ಬೆಚ್ಚನೆ ನೀರನ್ನ ಅದು ಸರೋವರದ ನಡುವಿಗೆ ತಳ್ಳಿದೆ, ಅದರ ಜಾಗಕ್ಕೆ ತಳದ ತಣ್ಣನೆ ನೀರು ನಮ್ಮ ದಡದ ಕಡೆ ಎದ್ದು ಬಂದಿದೆ. ಮೀನು ಅದರ ಜೊತೆ ಮೇಲೆ ಬಂದಿದೆ. ನಾವು ಮಾತ್ರ ನಿನ್ನೆಯ ನಂಬರನ್ನ ಹಾರ್ಡ್‌ಕೋಡ್ ಮಾಡ್ಕೊಂಡು ಕೂತಿದ್ವಿ. ಕೋಡ್ ರಿವ್ಯೂನಲ್ಲಿ ಬೇರೆಯವರಿಗೆ ಇದನ್ನೇ ಬೈಯೋನು ನಾನು.

ಇನ್ನೊಂದು ತಮಾಷೆ ಕೇಳಿ. 80 ಅಡಿ ಅಂತ ಹೇಳಿದವನ ಗಾಳವೂ 80 ಅಡೀಲಿ ಇರಲಿಕ್ಕಿಲ್ಲ. ಡೌನ್‌ರಿಗ್ಗರ್ ಅಂದ್ರೆ ಸ್ಟೀಲ್ ತಂತಿ, ತುದಿಗೆ ನಾಲ್ಕೈದು ಕೆಜಿ ಗುಂಡು. ಅದರ ಮೀಟರ್ ಲೆಕ್ಕ ಹಾಕೋದು ಎಷ್ಟು ತಂತಿ ಬಿಚ್ಚಿದೆ ಅಂತ. ಬೋಟ್ ಚಲಿಸ್ತಾ ಇದ್ರೆ ತಂತಿ ಹಿಂದಕ್ಕೆ ವಾಲುತ್ತೆ. 30 ಡಿಗ್ರಿ ವಾಲಿದ್ರೆ 100 ಅಡಿ ತಂತಿಗೆ ನಿಜವಾದ ಆಳ ಸುಮಾರು 87. ಪಿಯುಸಿಯ ಕಾಸ್ ತೀಟಾ! ಆಳದಲ್ಲಿ ಪ್ರವಾಹ ಇದ್ರೆ ಇನ್ನೂ ಕಡಿಮೆ. ಹಾಗಾಗಿ ಒಬ್ಬರ 80 ಇನ್ನೊಬ್ಬರ 70 ಆಗಿರಬಹುದು.

ನಾನು ಹೇಳೋದು ಇಷ್ಟೇ. ಮೊದಲು ತಣ್ಣನೆ ನೀರು ಎಲ್ಲಿ ಶುರುವಾಗುತ್ತೆ ನೋಡಿ, ಆಮೇಲೆ ಮೀನಿಗಿಂತ ಸ್ವಲ್ಪ ಮೇಲೆಯೇ ಗಾಳ ಬಿಡಿ. ಸಾಲ್ಮನ್ ಮೇಲಕ್ಕೆ ನೋಡಿ ಬೇಟೆ ಆಡೋ ಮೀನು, ತನಗಿಂತ ಕೆಳಗಿರೋದನ್ನ ಅಷ್ಟಾಗಿ ಗಮನಿಸಲ್ಲ. ನಸುಕಲ್ಲಿ ಮೇಲೆ ಇರುತ್ತೆ, ಬಿಸಿಲೇರಿದ ಹಾಗೆ ಕೆಳಗಿಳಿಯುತ್ತೆ. ಹಳಬರ ಹಳೇ ಲೆಕ್ಕ ಈಗ ನಡೆಯದೇ ಇರೋಕೆ ಇನ್ನೊಂದು ಕಾರಣ ಕ್ವಾಗಾ ಅನ್ನೋ ಕಪ್ಪೆಚಿಪ್ಪು. ಹಡಗುಗಳ ನೀರಿನ ಜೊತೆ ಹೊರಗಿಂದ ಬಂದದ್ದು. 2000ದ ನಂತರ ಈ ಸರೋವರದ ತಳವನ್ನೆಲ್ಲ ಆಕ್ರಮಿಸಿ ನೀರನ್ನ ಸೋಸಿ ಸೋಸಿ ತಿಳಿ ಮಾಡಿಬಿಟ್ಟಿದೆ. ಬೆಳಕು ಮೊದಲಿಗಿಂತ ಆಳಕ್ಕೆ ಹೋಗುತ್ತೆ. (ಸಾಲ್ಮನ್ ಕೂಡ ಇಲ್ಲಿನದಲ್ಲ ಬಿಡಿ. ಏಲ್‌ವೈಫ್ ಅನ್ನೋ ಚಿಕ್ಕ ಮೀನಿನ ಕಾಟ ತಡೆಯೋಕೆ 1966ರಲ್ಲಿ ಕೋಹೋ, 1967ರಲ್ಲಿ ಚಿನೂಕ್ ತಂದು ಬಿಟ್ಟರು.)

ಒಂದು ವಿಷಯದಲ್ಲಿ ಮಾತ್ರ ನನಗೂ ಬೋಟಿನ ಯಜಮಾನರಿಗೂ ಜಗಳ. ಐಸ್ ಪೆಟ್ಟಿಗೆ ತುಂಬಿದ ಮೇಲೂ ಅವರು ಹಿಡಿದು ಹಿಡಿದು ಬಿಡ್ತಾ ಇದ್ರು. 'ಬಿಡ್ತೀನಲ್ಲ, ಪಾಪ ಎಲ್ಲಿ?' ಅಂತ. ಆದ್ರೆ ಆಗಸ್ಟಲ್ಲಿ ಮೇಲಿನ ನೀರು 20 ಡಿಗ್ರಿ ದಾಟಿರುತ್ತೆ. 12 ಡಿಗ್ರಿಯಿಂದ ಎಳೆದು, ಹತ್ತು ನಿಮಿಷ ಗುದ್ದಾಡಿಸಿ, ಸುಸ್ತಾದ ಮೀನನ್ನ ಆ ಬೆಚ್ಚನೆ ನೀರಿಗೆ ಬಿಟ್ರೆ ಎಷ್ಟೋ ಸಲ ಅದು ಚೇತರಿಸ್ಕೊಳ್ಳಲ್ಲ. ಮೊನ್ನೆ ಹಾಗೆ ಬಿಟ್ಟ ಒಂದು ಹೊಟ್ಟೆ ಮೇಲಾಗಿ ತೇಲ್ತಾ ಹೋಯ್ತು, ಕಡಲಹಕ್ಕಿಗಳು ಮುತ್ತಿಕೊಂಡವು. ಕುಂದಾಪುರದಲ್ಲಿ ನಮ್ಮ ಅಪ್ಪಯ್ಯ ನೋಡಿದ್ರೆ ಇಬ್ಬರಿಗೂ ಸರಿಯಾಗಿ ಬೈತಿದ್ರು. ತಿನ್ನೋಕೆ ಬೇಕಾದಷ್ಟು ಸಿಕ್ಕ ಮೇಲೆ ಆಳಕ್ಕೆ ಗಾಳ ಇಳಿಸೋದೇ ಬೇಡ ಅಂದೆ. ಮುಖ ಊದಿಸ್ಕೊಂಡು ಗಾಳ ಮೇಲೆತ್ತಿದ್ರು, ದಡ ಮುಟ್ಟೋವರೆಗೂ ಮಾತಿಲ್ಲ.

ಸೋಮವಾರ ಆಫೀಸಲ್ಲಿ ಸಿಕ್ಕಾಗ ಅವರೇ ಬಂದು, ಈ ವಾರ ಪೂರ್ವದ ಗಾಳಿಯಂತೆ, ತಣ್ಣನೆ ನೀರು ಮತ್ತೆ ಕೆಳಗೆ ಹೋಗಿರುತ್ತೆ, ಬರ್ತೀಯಾ ಅಂದ್ರು. ಹೋಗ್ತಿದ್ದೀನಿ. ಕರಾವಳಿ ಕಡೆಯ ಬ್ಲಾಗಿಗರು ಯಾರಾದ್ರೂ ಇದ್ರೆ, ಸಾಲ್ಮನ್‌ಗೆ ನಮ್ಮ ಕಡೆ ಮಸಾಲೆ ಹೊಂದುತ್ತಾ, ಕಾಮೆಂಟ್ ಹಾಕಿ. ನನ್ನ ಮೊದಲ ಪ್ರಯತ್ನ ಹಾಳಾಯ್ತು :-(