ಮೊದಲು ಯೀಸ್ಟು, ಅನಂತರ ಪಾಕ

ಏಲ್ ಎಂಬ ಬಾರ್ಲಿಯ ಮದ್ಯದ ಪಾಕವಿಧಿಗಳಲ್ಲಿ ಧಾನ್ಯದ ತೂಕ, ನೀರಿನ ಅಳತೆ ಮೊದಲಾದವು ವಿಸ್ತಾರವಾಗಿ ಬರುತ್ತವೆ; ಕೊನೆಯ ಸಾಲಿನಲ್ಲಿ ಮಾತ್ರ ‘ಒಂದು ಪೊಟ್ಟಣ ಒಣ ಯೀಸ್ಟು’ ಎಂದಿರುತ್ತದೆ. ಈ ಕ್ರಮ ತಲೆಕೆಳಗಾದುದೆಂದು ನನ್ನ ಅಭಿಪ್ರಾಯ. ಕೆಲಸ ಮಾಡತಕ್ಕ ಜೀವಿ ಯಾವುದು, ಅದು ಏನನ್ನು ಉಣ್ಣಬಲ್ಲುದು ಎಂಬುದನ್ನು ಅರಿತು ಪಾಕವನ್ನು ಆರಿಸಬೇಕು.

ಇದಕ್ಕೆ ನಿದರ್ಶನ ದೂರವೇನಿಲ್ಲ. ಕೊಪ್ಪದ ಬಳಿ ಹೆದ್ದಾರಿಯಿಂದ ಒಳಕ್ಕೆ ಹೊರಳಿದರೆ ಬೈಲಕುಪ್ಪೆಯ ಟಿಬೆಟನ್ ವಸತಿಗಳು ಸಿಗುತ್ತವೆ. 1960-61ರಿಂದ ಇಲ್ಲಿ ನೆಲೆಸಿದ ಈ ಜನರ ಮೂಲನಾಡಿನಲ್ಲಿ ‘ಛಾಂಗ್’ ಎಂಬ ಬಾರ್ಲಿಯ ಮದ್ಯವುಂಟು. ಅದಕ್ಕೆ ಕಾಳನ್ನು ಮೊಳಕೆ ಬರಿಸುವುದಿಲ್ಲ. ಬೇಯಿಸಿ, ಆರಿಸಿ, ಒಣಗಿದ ಹುದುಗುಬಿಲ್ಲೆಯ ಪುಡಿಯನ್ನು ಉದುರಿಸಿ ಮುಚ್ಚಿಡುತ್ತಾರೆ. ಅದೇ ಬೆಂದ ಬಾರ್ಲಿಗೆ ಅಂಗಡಿಯ ಒಣ ಯೀಸ್ಟನ್ನು ಬೆರಸಿದರೋ? ವಾರ ಕಾದರೂ ಛಾಂಗ್ ಆಗದು. ಬಿಲ್ಲೆಯಲ್ಲಿ ಯೀಸ್ಟಿನೊಡನೆ ಬೂಷ್ಟೂ ಇರುತ್ತದೆ. ಬೂಷ್ಟಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಯೀಸ್ಟು ಆ ಸಕ್ಕರೆಯನ್ನು ಆಲ್ಕೊಹಾಲು ಮತ್ತು ಇಂಗಾಲದ ಡೈಆಕ್ಸೈಡನ್ನಾಗಿ ಮಾರ್ಪಡಿಸುತ್ತದೆ. ಪೊಟ್ಟಣದ ಯೀಸ್ಟು ಒಂಟಿ. ಪಿಷ್ಟ ಅದಕ್ಕೆ ದಕ್ಕದು. ಅದಕ್ಕೆ ಒಪ್ಪುವುದು ಮೊಳಕೆಯ ಧಾನ್ಯ, ಏಕೆಂದರೆ ಮೊಳೆತ ಕಾಳು ತನಗೆ ಬೇಕಾದ ಕಿಣ್ವವನ್ನು ತಾನೇ ಸಿದ್ಧಪಡಿಸಿಕೊಂಡಿರುತ್ತದೆ. ಅಂಥ ಬಾರ್ಲಿಯ ನುಚ್ಚನ್ನು ಸುಮಾರು 65 ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಸಿಹಿಯಾದ ರಸ ದೊರೆಯುತ್ತದೆ.

ಒಣ ಯೀಸ್ಟು ಸತ್ತುದಲ್ಲ, ನಿದ್ರಿಸುತ್ತಿರುವುದು. ನೀರು ಕಳೆದುಕೊಂಡ ಕೋಶದ ಪೊರೆ ಮತ್ತೆ ನೆನೆಯುವ ಮೊದಲ ಗಳಿಗೆಯಲ್ಲಿ ಸೋರುತ್ತದೆ. ಆಗ ಗಾಢವಾದ ಸಕ್ಕರೆರಸಕ್ಕೆ ಬಿದ್ದರೆ ಹಲವು ಕೋಶಗಳು ಏಳುವ ಮೊದಲೇ ನಾಶವಾಗಬಹುದು. ಆದುದರಿಂದ ಮಿತವಾದ ರಸದ ಪಾಕವೇ ಅದಕ್ಕೆ ಲೇಸು. ಸಾಪೇಕ್ಷ ಸಾಂದ್ರತೆ 1.040ರಿಂದ 1.050ರೊಳಗಿದ್ದರೆ 20 ಲೀಟರಿಗೆ 11 ಗ್ರಾಮಿನ ಪೊಟ್ಟಣ ಸಾಕಾಗುತ್ತದೆ.

ಇನ್ನು ಶಾಖದ ಮಾತು. ಏಲ್ ಯೀಸ್ಟಿನ ಸಾಮಾನ್ಯ ತಳಿಗಳು 18ರಿಂದ 22 ಡಿಗ್ರಿಗಳಲ್ಲಿ ಚೆನ್ನಾಗಿ ನಡೆಯುತ್ತವೆ. ನಮ್ಮ ಏಪ್ರಿಲ್ ಮಧ್ಯಾಹ್ನಗಳು 30 ಡಿಗ್ರಿಯನ್ನು ಮೀರುತ್ತವೆ. ಹುದುಗುವಿಕೆ ತಾನೂ ಶಾಖವನ್ನು ಹೊರಬಿಡುತ್ತದೆ. ಇಂಗ್ಲೆಂಡಿನ ಪಾಕ ಇಲ್ಲಿ ಬೇರೆಯೇ ರುಚಿ ಕೊಟ್ಟರೆ ಆಶ್ಚರ್ಯವಿಲ್ಲ. ಆದರೆ ನಾರ್ವೆಯ ರೈತರು ಒಣಗಿಸಿ ಕಾಪಾಡಿಕೊಂಡು ಬಂದ ‘ಕ್ವೈಕ್’ ಯೀಸ್ಟು 35 ಡಿಗ್ರಿಗೂ ಹಿಂಜರಿಯದು. ಚಳಿನಾಡಿನ ಯೀಸ್ಟು ನಮ್ಮ ಸೆಕೆಗೆ ಒಗ್ಗುವುದು ವಿಚಿತ್ರವೇ ಸರಿ!

ವಿದ್ಯಾರ್ಥಿಗಳು ಏಲ್ ತಯಾರಿಸಲೆಂದು ನಾನಿದನ್ನು ಬರೆಯುತ್ತಿಲ್ಲ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಪ್ರಕಾರ ಅಪರಾಧ. ಆದರೆ ಮದ್ಯವೆಂಬ ಶಬ್ದಕ್ಕೆ ಅಂಜಿ ಹುದುಗುವಿಕೆಯನ್ನೇ ಪ್ರಯೋಗಶಾಲೆಯಿಂದ ದೂರವಿಡುವುದನ್ನು ಒಪ್ಪಲಾರೆ. ಪಿರಿಯಾಪಟ್ಟಣ, ಹುಣಸೂರಿನ ಸೀಮೆಯಲ್ಲಿ ರಾಗಿಗೆ ಬರವೇ? ಒಂದು ಶೀಸೆಯಲ್ಲಿ ಆರಿದ ರಾಗಿಗಂಜಿ. ಇನ್ನೊಂದರಲ್ಲಿ ಮೊಳಕೆರಾಗಿಯ ಹಿಟ್ಟನ್ನು ಮೇಲೆ ಹೇಳಿದಂತೆ ಬಿಸಿನೀರಿನಲ್ಲಿಟ್ಟು ಆರಿಸಿದ ರಸ. ಎರಡಕ್ಕೂ ಒಂದೊಂದು ಗ್ರಾಂ ಬ್ರೆಡ್ಡಿನ ಒಣ ಯೀಸ್ಟು ಹಾಕಿ, ಬಾಯಿಗೆ ಬೆಲೂನು ಕಟ್ಟಿರಿ. ಅಧ್ಯಾಪಕರ ಎದುರಿನಲ್ಲಿ ಒಂದೆರಡು ಗಂಟೆಗಳ ಮೇಲೆ ಬೆಲೂನುಗಳ ಸುತ್ತಳತೆಯನ್ನು ದಾರದಿಂದ ಅಳೆದು ಬರೆದುಕೊಂಡು, ದ್ರವವನ್ನು ಚೆಲ್ಲಿಬಿಡಿರಿ.